ನೇರಳಗದ್ದೆಯ ಎರಡನೇ ಮುದ್ರೆ

"ಇದನ್ನ ಕಿಟಕಿ ಹತ್ತಿರ ಹಿಡಿದು ನೋಡಬಹುದೇ ಸ್ವಾಮಿ?"

ನ್ಯಾಯಾಧೀಶರು ಕನ್ನಡಕದ ಮೇಲಿಂದ ನೋಡಿ ತಲೆಯಾಡಿಸಿದರು. ಕೋರ್ಟು ತನಿಖೆಗೆ ನೇಮಿಸಿದ್ದ ಇನ್‌ಸ್ಪೆಕ್ಟರ್ ಪಂಕಜಾಕ್ಷಿ ಮತಪತ್ರವನ್ನು ಎರಡು ಬೆರಳಿನಲ್ಲಿ ಹಿಡಿದು ಬೆಳಕಿಗೆ ಬಂದಳು.

ಸಕಲೇಶಪುರದ ಕೋರ್ಟ್ ಹಾಲಿನ ಮೇಜಿನ ಮೇಲೆ ಟ್ರಂಕು ಬಾಯ್ತೆರೆದು ಕೂತಿತ್ತು. ಅದರಿಂದ ತೆಗೆದ ಕಟ್ಟಿನ ಮೇಲೆ 'ತಿರಸ್ಕೃತ' ಎಂದು ಬರೆದಿತ್ತು. ನೂರ ಹದಿನಾಲ್ಕು ಮತಪತ್ರಗಳು. ಒಂದೊಂದರ ಮೇಲೂ ಎರಡೆರಡು ಮುದ್ರೆ, ಒಂದು ಹೊಲಿಗೆ ಮಿಷನ್ನಿನ ಚಿತ್ರದ ಮೇಲೆ, ಇನ್ನೊಂದು ಕೊಡೆಯ ಮೇಲೆ.

ಗ್ರಾಮ ಪಂಚಾಯ್ತಿ ಚುನಾವಣೆಗೆ ನೇರಳಗದ್ದೆ ವಾರ್ಡಿನಲ್ಲಿ ನಿಂತವರು ಇಬ್ಬರೇ. ಕೊಡೆ ಗುರುತಿನ ನೇತ್ರಾವತಿ, ಎಸ್ಟೇಟ್ ಮಾಲೀಕ ಮಹೇಶನ ಹೆಂಡತಿ, ತೊಂಬತ್ತೇಳು ಓಟು ಪಡೆದು ಗೆದ್ದಿದ್ದಳು. ಹೊಲಿಗೆ ಮಿಷನ್ನಿನ ಗುರುಶಾಂತಮ್ಮನಿಗೆ ಸಿಕ್ಕಿದ್ದು ಸೊನ್ನೆ. 'ನನ್ನ ಓಟು ನಾನೇ ಹಾಕ್ಕಂಡಿದ್ದೆ, ಅದಾದ್ರೂ ಎಲ್ಲೋಯ್ತು?' ಎಂದು ಅವಳು ಕೋರ್ಟಿಗೆ ಬಂದದ್ದರಿಂದಲೇ ಈ ಟ್ರಂಕಿನ ಅರಗು ಒಡೆದಿತ್ತು.

"ನೋಡೋದಕ್ಕೆ ಏನಿದೆ ಮೇಡಂ ಇದರಲ್ಲಿ?" ನೇತ್ರಾವತಿಯ ವಕೀಲರು ಕೂತಲ್ಲಿಂದಲೇ ನಕ್ಕರು. "ಎಸ್ಟೇಟಿನ ಲೈನ್ ಮನೆಗಳ ಕೂಲಿ ಜನ. ಓದು ಬರಹ ಇಲ್ಲ. ಎರಡು ಚಿತ್ರ ಕಂಡವು, ಎರಡಕ್ಕೂ ಒತ್ತಿಬಿಟ್ಟರು. ಎಣಿಕೆ ದಿನ ಚುನಾವಣಾಧಿಕಾರಿಗಳೂ ಇದನ್ನೇ ಹೇಳಿ ರುಜು ಹಾಕಿದ್ದಾರೆ."

ಪಂಕಜಾಕ್ಷಿ ಮತಪತ್ರವನ್ನು ಬೆಳಕಿಗೆ ಓರೆ ಮಾಡಿದಳು. ಹೊಲಿಗೆ ಮಿಷನ್ನಿನ ಮೇಲೆ ಬಿದ್ದ ನೇರಳೆ ಮುದ್ರೆಯನ್ನು ನೋಡಿದಳು. ಆಮೇಲೆ ಮಡಿಕೆಯ ಈಚೆ ಬದಿ ನೋಡಿದಳು. ಅಲ್ಲಿ, ಗುರುಶಾಂತಮ್ಮನ ಹೆಸರಿನ ಮೇಲೆ, ಅದೇ ಮುದ್ರೆಯ ಮಸುಕು ನೆರಳು ತಿರುಗಾಮುರುಗಾ ಅಂಟಿಕೊಂಡಿತ್ತು.

ಕೊಡೆಯ ಮೇಲಿನ ಮುದ್ರೆಗೆ ಅಂಥ ನೆರಳಿರಲಿಲ್ಲ.

ಇನ್ನೊಂದು ಎತ್ತಿಕೊಂಡಳು. ಮತ್ತೊಂದು. ಕಟ್ಟಿನ ನಡುವಿನಿಂದ, ಕೆಳಗಿನಿಂದ ಎಳೆದು ನೋಡಿದಳು. ಎಲ್ಲದರಲ್ಲೂ ಅದೇ ಕತೆ.

"ಸ್ವಾಮಿ, ಗೆದ್ದವರ ಕಟ್ಟನ್ನೂ ಬಿಚ್ಚಿಸಬೇಕು."

"ಯಾಕೆ?" ವಕೀಲರು ಎದ್ದು ನಿಂತರು.

"ಕೊಡೆಗೆ ಒಂದೇ ಮುದ್ರೆ ಬಿದ್ದ ಚೀಟಿ ಹೇಗಿರುತ್ತೆ ಅಂತ ನೋಡೋಕೆ."

ಕಟ್ಟು ಬಿಚ್ಚಿತು. ನೇತ್ರಾವತಿಗೆ ಬಿದ್ದ ಓಟುಗಳಲ್ಲಿ ಕೊಡೆಯ ಮುದ್ರೆಯ ನೆರಳು ಎದುರು ಬದಿಯಲ್ಲಿ ಸರಿಯಾಗಿ ಮೂಡಿತ್ತು. ಪಂಕಜಾಕ್ಷಿ ಎರಡು ಚೀಟಿಗಳನ್ನು ಅಕ್ಕಪಕ್ಕ ಇಟ್ಟಳು.

"ಓಟು ಹಾಕೋರು ಮುದ್ರೆ ಒತ್ತಿದ ಕೂಡಲೇ ಚೀಟಿ ಮಡಚ್ತಾರೆ ಸ್ವಾಮಿ. ಮಸಿ ಇನ್ನೂ ಹಸಿ ಇರುತ್ತೆ, ಎದುರಿನ ಬದಿಗೆ ಅಂಟುತ್ತೆ. ಒಬ್ಬರೇ ನಿಂತ ನಿಲುವಿನಲ್ಲಿ ಎರಡು ಸಲ ಒತ್ತಿದ್ದರೆ ಎರಡೂ ಅಂಟಬೇಕಿತ್ತು. ಇಲ್ಲಿ ಹೊಲಿಗೆ ಮಿಷನ್ನಿನದು ಹಸಿಯಾಗಿ ಮಡಚಿದ್ದು. ಕೊಡೆಯದು ಆಮೇಲೆ ಒತ್ತಿದ್ದು. ಚೀಟಿ ಬಿಚ್ಚಿ, ಒತ್ತಿ, ಆರೋಕೆ ಬಿಟ್ಟು, ಮತ್ತೆ ಮಡಚಿದ್ದಾರೆ."

ವಕೀಲರು ಮೇಜಿನ ಹತ್ತಿರ ಬಂದು ಎರಡೂ ಚೀಟಿಗಳ ಮೇಲೆ ಬಾಗಿದರು.

"ಅಂದರೆ ಈ ನೂರ ಹದಿನಾಲ್ಕೂ..." ನ್ಯಾಯಾಧೀಶರು ಕನ್ನಡಕ ಸರಿಪಡಿಸಿಕೊಂಡರು.

"ಗುರುಶಾಂತಮ್ಮನವರಿಗೆ ಬಿದ್ದ ಓಟುಗಳು ಸ್ವಾಮಿ. ಒಂದನ್ನೂ ಬಿಡದೆ ಕೆಡಿಸಿದ್ದಾರೆ. ಹತ್ತಿಪ್ಪತ್ತು ಬಿಟ್ಟಿದ್ದರೆ ಯಾರಿಗೂ ಅನುಮಾನ ಬರ್ತಿರಲಿಲ್ಲ."

ನಾಳೆ ಅರ್ಜಿದಾರಳು ಕೋರ್ಟಿಗೆ ಬರಬೇಕೆಂದು ನೋಟಿಸು ತಯಾರಾಯಿತು. ಅದನ್ನು ತಾನೇ ತಲುಪಿಸುತ್ತೇನೆಂದು ಪಂಕಜಾಕ್ಷಿ ಕೇಳಿ ಇಸಿದುಕೊಂಡಳು. ಕಾನ್‌ಸ್ಟೇಬಲ್ ಕೈಲಿ ಕಳಿಸಬಹುದಿತ್ತು. ಆದರೆ ಈ ಸುದ್ದಿಯನ್ನು ತನ್ನ ಬಾಯಿಂದಲೇ ಹೇಳಬೇಕೆನಿಸಿತು.

---

ಹಾನುಬಾಳು ದಾಟಿ ಜೀಪು ಏರು ಹತ್ತುವಾಗ ಇಕ್ಕೆಲದಲ್ಲೂ ಕಾಫಿ ಹೂವು ಬಿಟ್ಟಿತ್ತು. ಮಾರ್ಚಿ ತಿಂಗಳ ಕೊನೆ. ಎಸ್ಟೇಟಿನ ಕಡೆ ಸ್ಪ್ರಿಂಕ್ಲರುಗಳು ಚಟಚಟನೆ ತಿರುಗುತ್ತಿದ್ದವು. ಅವು ತಿರುಗಿದಷ್ಟೂ ಕೆಳಗಿನ ಹಳ್ಳ ಒಣಗುತ್ತಿತ್ತು. ಕುಡಿಯುವ ನೀರಿಗಾಗಿ ಊರ ಹೆಂಗಸರು ಹಳ್ಳದ ಮರಳು ಬಗೆಯುವುದನ್ನು ನೋಡಲಾರದೆ ಗುರುಶಾಂತಮ್ಮ ಚುನಾವಣೆಗೆ ನಿಂತಿದ್ದಳು.

ಡ್ರೈವರ್ ಮಾತಾಡಲಿಲ್ಲ. ಪಂಕಜಾಕ್ಷಿಯೂ ಆಡಿಸಲಿಲ್ಲ. ಊರಿಂದೂರಿಗೆ ವರ್ಗವಾಗಿ, ಒಂದೊಂದು ಊರಿನ ಪ್ರವಾಸಿ ಮಂದಿರದಲ್ಲೂ ಒಬ್ಬಳೇ ಉಂಡು ಮಲಗಿ ಅಭ್ಯಾಸವಾದ ಮೇಲೆ, ಕೆಲಸದ ಮಾತು ಬಿಟ್ಟರೆ ಬೇರೆ ಮಾತು ಅವಳ ನಾಲಿಗೆಗೆ ಬೇಗ ಬರುತ್ತಿರಲಿಲ್ಲ. ಈ ನೌಕರಿಗೆ ಸೇರಿದಂದಿನಿಂದ ಒಂದು ಸಲವೂ ಓಟು ಹಾಕಿರಲಿಲ್ಲ ಅವಳು. ಪ್ರತಿ ಚುನಾವಣೆಯಲ್ಲೂ ಎಲ್ಲೋ ದೂರದ ಊರಿನಲ್ಲಿ ಯಾರದೋ ಪೆಟ್ಟಿಗೆ ಕಾಯುವುದೇ ಆಗಿತ್ತು.

ಗುರುಶಾಂತಮ್ಮ ಅಂಗಳದಲ್ಲಿ ಚಾಪೆ ಹಾಸಿ ಕಾಳುಮೆಣಸು ಹರವುತ್ತಿದ್ದಳು. ಐವತ್ತರ ಆಸುಪಾಸಿನ, ಸಣಕಲು ದೇಹದ ಹೆಂಗಸು. ಬೀದಿ ಕಡೆಯ ಬಾಗಿಲು ಹಾಕಿಕೊಂಡೇ ಇತ್ತು. ಪಂಕಜಾಕ್ಷಿ ಹಿತ್ತಲಿಂದ ಸುತ್ತಿ ಬರಬೇಕಾಯಿತು.

"ಮುಂಬಾಗ್ಲು ಯಾಕಮ್ಮ ತೆಗೆದಿಲ್ಲ?"

"ತೆಗೆದ್ರೆ ಜನ ಕಾಣ್ತಾರೆ ಮೇಡಮ್ಮೋರೆ." ಅವಳು ತಲೆಯೆತ್ತಲಿಲ್ಲ. "ಎದುರಿಗೆ ಸಿಕ್ಕೋರೆಲ್ಲ ನಿಂಗೇ ಒತ್ತಿದ್ದು ಕಣಕ್ಕ ಅಂತಾರೆ. ಒತ್ತಿದ್ರೆ ಸೊನ್ನೆ ಯಾಕ್ ಬಂತು? ಅಷ್ಟೂ ಜನ ಬಾಯಿತುಂಬ ಸುಳ್ಳು ಹೇಳ್ತಾರಲ್ಲ ಅಂತ ಹೊಟ್ಟೆ ಉರೀತೈತೆ. ಬೆಟ್ಟಮ್ಮನ ಜೊತೆ ಚಿಕ್ಕಂದಿಂದ ಒಂದೇ ತಟ್ಟೇಲಿ ಉಂಡಿದ್ದೆ. ಅವ್ಳೂ ಅಂಗೇ ಅಂದ್ಲು. ಅವ್ಳ ಮಗಳ ಬಾಣಂತನಕ್ಕೂ ಹೋಗ್ಲಿಲ್ಲ ನಾನು."

ತನಿಖೆಯ ವಿಷಯ ಹೊರಗೆ ಹೇಳಬಾರದು. ಪಂಕಜಾಕ್ಷಿಗೆ ಅದು ಗೊತ್ತಿತ್ತು. ಆದರೂ ಚಾಪೆಯ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂತಳು.

"ಗುರುಶಾಂತಮ್ಮ, ಇಲ್ಲಿ ನೋಡಿ. ನೂರ ಹದಿನಾಲ್ಕು ಜನ ನಿಮಗೆ ಒತ್ತಿದ್ದಾರೆ."

ಮೆಣಸು ಹರವುತ್ತಿದ್ದ ಕೈ ನಿಂತಿತು.

"ಮೊದಲನೇ ಮುದ್ರೆ ಅವರದು. ಎರಡನೇದು ಬೇರೆ ಯಾರೋ ಆಮೇಲೆ ಒತ್ತಿದ್ದು. ಇವತ್ತು ಕೋರ್ಟಲ್ಲಿ ಕಣ್ಣಾರೆ ಕಂಡಿದ್ದೀನಿ."

"ನೂರ ಹದ್ನಾಕು..." ಗುರುಶಾಂತಮ್ಮ ಪಿಸುಗುಟ್ಟಿದಳು. "ಯಾರ್ಯಾರು ಅಂತ ಗೊತ್ತಾಯ್ತದಾ?"

"ಅದು ಯಾರಿಗೂ ಗೊತ್ತಾಗಬಾರದು. ಗೊತ್ತಾಗೋದೂ ಇಲ್ಲ."

"ಅಂಗಾರೆ ಅವ್ರು ಯಾರೂ ಸುಳ್ಳು ಹೇಳ್ಲಿಲ್ವಾ?" ಅವಳ ದನಿ ಒಡೆಯಿತು. "ಬೆಟ್ಟಮ್ಮ ಸುಳ್ಳು ಹೇಳ್ಲಿಲ್ವಾ? ಅಯ್ಯೋ ಶಿವನೇ, ಮುಖ ತಿರುಗಿಸ್ಕಂಡು ಬಂದ್ಬುಟ್ನಲ್ಲ ನಾನು!"

ಸೆರಗಿನಿಂದ ಮುಖ ಒತ್ತಿಕೊಂಡು ಅಳತೊಡಗಿದಳು. ಪಂಕಜಾಕ್ಷಿ ಅವಳ ಬೆನ್ನ ಮೇಲೆ ಕೈಯಿಡಲು ಹೋಗಿ, ಇಡಲೋ ಬೇಡವೋ ತಿಳಿಯದೆ ಹಿಂತೆಗೆದಳು.

ಒಳಗಿನಿಂದ ಗುರುಶಾಂತಮ್ಮನ ಗಂಡ ಜವರಪ್ಪ ಎರಡು ಲೋಟ ಕಾಫಿ ತಂದ. ಒಗೆದು ಇಸ್ತ್ರಿ ಮಾಡಿದ ಬಿಳಿ ಅಂಗಿ, ನೀಟಾಗಿ ಬಾಚಿದ ಕ್ರಾಪು. ಮಹೇಶನ ಎಸ್ಟೇಟಿನಲ್ಲಿ ಬಹಳ ವರ್ಷ ಲೆಕ್ಕ ಬರೆಯುವ ರೈಟರ್ ಆಗಿದ್ದವನು. ಹೆಂಡತಿ ಚುನಾವಣೆಗೆ ನಿಂತ ದಿನವೇ ಕೆಲಸ ಬಿಟ್ಟು, ಅವಳ ಪರವಾಗಿ ಬೂತಿನಲ್ಲಿ ಏಜೆಂಟಾಗಿ ಕೂತಿದ್ದ. ಅಂಥ ಗಂಡ ಸಿಗುವುದು ಅಪರೂಪವೆಂದು ಹಾನುಬಾಳಿನ ಹೋಟೆಲಿನಲ್ಲೂ ಜನ ಆಡಿಕೊಳ್ಳುವುದನ್ನು ಪಂಕಜಾಕ್ಷಿ ಕೇಳಿದ್ದಳು.

"ಎಲ್ಲಾ ಕೇಳ್ಸ್ಕಂಡೆ ಮೇಡಂ. ನಮ್ ಪುಣ್ಯ." ಲೋಟ ಕೊಡುತ್ತ ಜವರಪ್ಪ ಹೇಳಿದ. "ಎರಡ್ನೇ ಮುದ್ರೆ ಯಾರು ಒತ್ತಿದ್ದು ಅಂತ ತಿಳೀತಾ?"

"ಪೆಟ್ಟಿಗೆ ಯಾರ ಸುಪರ್ದಿನಲ್ಲಿತ್ತೋ ಅವರನ್ನೇ ಕೇಳಬೇಕು."

"ಬೂತಿನ ಅಧಿಕಾರಿ ಆಗಿದ್ರಲ್ಲ, ಆ ಪಾಳ್ಯದ ಮೇಷ್ಟ್ರಾ?"

"ಇಲ್ಲಿಂದ ನೇರ ಅಲ್ಲಿಗೇ ಹೋಗ್ತಿದ್ದೀನಿ."

ಜವರಪ್ಪ ತಲೆಯಾಡಿಸಿದ. ನೋಟಿಸು ತಲುಪಿದ್ದಕ್ಕೆ ಗುರುಶಾಂತಮ್ಮ ಹೆಬ್ಬೆಟ್ಟು ಒತ್ತಿದಳು. ಪಕ್ಕದಲ್ಲಿ ಸಾಕ್ಷಿಯಾಗಿ ಜವರಪ್ಪ ರುಜು ಹಾಕಿದ. ಕೊನೆಯ ಅಕ್ಷರದ ಬಾಲವನ್ನು ಹೆಸರಿನ ಕೆಳಗೆ ಉದ್ದಕ್ಕೂ ಎಳೆದು, ತುದಿಯಲ್ಲಿ ಎರಡು ಸುತ್ತು ಸುತ್ತಿ ಮುಗಿಸುವ ರೈಟರನ ರುಜು.

ಪಂಕಜಾಕ್ಷಿ ಜೀಪು ಹತ್ತುವ ಹೊತ್ತಿಗೆ ಮುಂಬಾಗಿಲ ಅಗಳಿ ಸರಿದ ಸದ್ದಾಯಿತು. ಗುರುಶಾಂತಮ್ಮ ಸೆರಗು ಸರಿಮಾಡಿಕೊಳ್ಳುತ್ತ ಬೆಟ್ಟಮ್ಮನ ಮನೆಯ ಕಡೆ ಓಡುನಡಿಗೆಯಲ್ಲಿ ಹೋಗುತ್ತಿದ್ದಳು.

ಹಿಂತಿರುಗಿ ನೋಡುತ್ತ ಕೂತ ಪಂಕಜಾಕ್ಷಿಗೆ, ತಾನು ಓಡಿಹೋಗಿ ತಟ್ಟಬಹುದಾದ ಬಾಗಿಲು ಈ ಜಿಲ್ಲೆಯಲ್ಲಿ ಒಂದೂ ಇಲ್ಲವಲ್ಲ ಎನಿಸಿತು.

---

ಪಾಳ್ಯದ ಹೈಸ್ಕೂಲಿನ ಪ್ರಯೋಗಶಾಲೆಯಲ್ಲಿ ಚನ್ನಬಸವಯ್ಯ ಮೇಷ್ಟ್ರು ಒಬ್ಬರೇ ಕೂತು ಗಾಜಿನ ನಳಿಕೆ ತೊಳೆಯುತ್ತಿದ್ದರು. ಮತದಾನದ ದಿನ ನೇರಳಗದ್ದೆ ಬೂತಿನ ಅಧಿಕಾರಿ ಅವರೇ. ಪೆಟ್ಟಿಗೆಗೆ ಅರಗಿನ ಸೀಲು ಹಾಕಿ ಸಕಲೇಶಪುರಕ್ಕೆ ತಲುಪಿಸುವ ಹೊಣೆ ಅವರದಾಗಿತ್ತು. ವಿಜ್ಞಾನದ ಮೇಷ್ಟ್ರು. ಕಪಾಟಿನಲ್ಲಿ ಸ್ಪಿರಿಟ್ ದೀಪ, ಮಸಿ, ಅರಗಿನ ತುಂಡು ಎಲ್ಲವೂ ಇದ್ದವು. ಪಂಕಜಾಕ್ಷಿ ಒಂದೊಂದನ್ನೂ ಕಣ್ಣಲ್ಲೇ ಗುರುತು ಮಾಡಿಕೊಂಡಳು.

"ಸ್ಟಾಫ್ ರೂಮಿನಲ್ಲಿ ಕೂರೋದಿಲ್ವಾ ಮೇಷ್ಟ್ರೇ?"

"ಆ ಸೊನ್ನೆ ಓಟಿನ ಕತೆ ಆದ ಮೇಲೆ ನಾನು ಹೋದರೆ ಮಾತು ನಿಲ್ಲಿಸ್ತಾರೆ. ಇಲ್ಲೇ ಚೆನ್ನ." ಅವರು ಕೈ ಒರೆಸಿಕೊಂಡರು. "ಬರ್ತೀರಿ ಅಂತ ಗೊತ್ತಿತ್ತು ಮೇಡಂ."

"ಹಾಗಾದರೆ ಸುತ್ತಿ ಬಳಸಿ ಕೇಳೋದಿಲ್ಲ. ಪೆಟ್ಟಿಗೆ ಬಿಚ್ಚಿ, ಚೀಟಿಗಳನ್ನ ಕೆಡಿಸಿ, ಮತ್ತೆ ಸೀಲು ಹಾಕಿದ್ದಾರೆ. ಅರಗಿನ ಮೇಲೆ ಒತ್ತೋ ಹಿತ್ತಾಳೆ ಸೀಲು ನಿಮ್ಮ ಹತ್ತಿರ ಇತ್ತು. ಮುದ್ರೆಯ ರಬ್ಬರ್ ನಿಮ್ಮ ಹತ್ತಿರ ಇತ್ತು. ಮಸಿಯ ಪ್ಯಾಡು ನಿಮ್ಮ ಹತ್ತಿರ ಇತ್ತು."

"ಎಲ್ಲಾ ನನ್ನ ಚೀಲದಲ್ಲೇ ಇತ್ತು. ನಿಜ."

"ಪೆಟ್ಟಿಗೆ ನಿಮ್ಮ ಕಣ್ಣು ತಪ್ಪಿದ್ದು ಯಾವಾಗ?"

ಮೇಷ್ಟ್ರು ತೊಳೆದಿಟ್ಟ ನಳಿಕೆಯನ್ನೇ ಮತ್ತೆ ಎತ್ತಿಕೊಂಡು ಒರೆಸತೊಡಗಿದರು.

"ಹೇಳಿ ಮೇಷ್ಟ್ರೇ. ಇಲ್ಲಾಂದರೆ ನಿಮ್ಮ ಕೈಗೇ ಕೋಳ ಹಾಕಬೇಕಾಗುತ್ತೆ."

"ಒಂದೇ ಸಲ." ಅವರ ದನಿ ಕುಗ್ಗಿತು. "ಎಸ್ಟೇಟ್ ಗೇಟಿನ ಹತ್ತಿರ ನಮ್ಮ ಜೀಪಿನ ಟಯರು ಹೋಯ್ತು. ಮಂಜು ಬೀಳ್ತಿತ್ತು, ಪೆಟ್ಟಿಗೆ ನೆನೆಯುತ್ತೆ, ಸ್ಟೋರಿನ ಒಳಗಿಡಿ ಅಂತ ಎಸ್ಟೇಟಿನವರು ಅಂದರು. ಇಟ್ಟೆ. ಚೀಲವನ್ನೂ ಇಟ್ಟೆ. ಟಯರು ಸರಿಯಾಗೋಕೆ ಮೂರು ಗಂಟೆ ಹಿಡೀತು, ಅಲ್ಲೀ ತನಕ ನಾನೂ ಪೊಲೀಸಿನವರೂ ಬಾಗಿಲ ಮುಂದೇ ಬೆಂಚಿನ ಮೇಲೆ ಕೂತಿದ್ದೆವು. ದೇವರಾಣೆಗೂ ಅಲ್ಲಾಡಲಿಲ್ಲ."

"ಸ್ಟೋರಿಗೆ ಹಿಂಬಾಗಿಲು ಇತ್ತಾ?"

"ಕಾಫಿ ಮೂಟೆ ಸಾಗಿಸೋಕೆ ಒಂದಿತ್ತು."

"ಎದುರಾಳಿಯ ಸ್ಟೋರಿನಲ್ಲಿ ಪೆಟ್ಟಿಗೆ ಇಟ್ಟು, ಹಿಂಬಾಗಿಲಿಗೆ ಕಾವಲಿಲ್ಲದೆ, ನೀವು ಮುಂದೆ ಕೂತಿರಿ!"

"ಕಾವಲಿಲ್ಲದೆ ಅಲ್ಲ ಮೇಡಂ!" ಮೇಷ್ಟ್ರು ಮೊದಲ ಬಾರಿಗೆ ಗಟ್ಟಿಯಾಗಿ ಮಾತಾಡಿದರು. "ಪೆಟ್ಟಿಗೆ ಜೊತೆಗೇ ಬಂದಿದ್ದ ಆ ಹೆಣ್ಣುಮಗಳ ಗಂಡನೇ ಒಳಗೆ ಕೂತಿದ್ದ. ಜವರಪ್ಪ. 'ನನ್ನ ಹೆಂಡ್ತಿ ಓಟು ಸಾರ್, ನಾನೇ ಕಾಯ್ತೀನಿ' ಅಂದ. ಅವನಿಗಿಂತ ಒಳ್ಳೇ ಕಾವಲು ಯಾರನ್ನ ಹುಡುಕಲಿ ನಾನು?"

ಹಿಂಬಾಗಿಲಿಂದ ಯಾರೋ ಬಂದು ಅವನನ್ನು ಹೆದರಿಸಿರಬಹುದು. ಅವನು ನಿದ್ದೆ ಹೋಗಿರಬಹುದು. ಪಂಕಜಾಕ್ಷಿಯ ಮನಸ್ಸು ಜವರಪ್ಪನ ಪರವಾಗಿ ದಾರಿಗಳನ್ನು ಹುಡುಕುತ್ತಿತ್ತು.

ಚೀಲದಿಂದ ಒಂದು ಜೆರಾಕ್ಸ್ ಹಾಳೆ ತೆಗೆದಳು. ಪೆಟ್ಟಿಗೆಯ ಮುಚ್ಚಳಕ್ಕೆ ಒಳಗಿನಿಂದ ಹಾಕುವ ಹಸಿರು ಕಾಗದದ ಪಟ್ಟಿಯ ನಕಲು ಅದು. ಬೆಳಿಗ್ಗೆ ಮತದಾನ ಶುರುವಾಗುವ ಮುಂಚೆ, ಖಾಲಿ ಪೆಟ್ಟಿಗೆಯನ್ನು ಎಲ್ಲರಿಗೂ ತೋರಿಸಿ, ಅಧಿಕಾರಿಯೂ ಏಜೆಂಟರೂ ಅದಕ್ಕೆ ರುಜು ಹಾಕುತ್ತಾರೆ. ಆಮೇಲೆ ಆ ಪಟ್ಟಿ ಹರಿಯದೆ ಪೆಟ್ಟಿಗೆ ತೆರೆಯಲು ಬರುವುದಿಲ್ಲ. ಎಣಿಕೆಯ ದಿನ ಪಟ್ಟಿ ಹರಿದಿರಲಿಲ್ಲ. ಅದಕ್ಕೇ ಎಲ್ಲರೂ ಪೆಟ್ಟಿಗೆ ಸರಿಯಾಗಿದೆಯೆಂದು ಒಪ್ಪಿದ್ದರು.

"ಇದು ನಿಮ್ಮ ರುಜು ತಾನೆ?"

"ನನ್ನದೇ."

"ಪೆಟ್ಟಿಗೆ ಬಿಚ್ಚಿದವರು ಮೊದಲ ಪಟ್ಟಿ ಹರಿದಿರಲೇಬೇಕು. ಹಾಗಾದರೆ ಈ ಹೊಸ ಪಟ್ಟಿಗೂ ನೀವೇ ರುಜು ಹಾಕಿದ್ದೀರಿ."

"ಇಲ್ಲ... ತಡೀರಿ." ಮೇಷ್ಟ್ರು ಹಣೆ ಉಜ್ಜಿಕೊಂಡರು. "ನಮಗೆ ಎರಡು ಪಟ್ಟಿ ಕೊಟ್ಟಿರ್ತಾರೆ. ಹಾಕುವಾಗ ಒಂದು ಹರಿದರೆ ಇನ್ನೊಂದು ಇರಲಿ ಅಂತ. ಬೆಳಿಗ್ಗೆ ಗಡಿಬಿಡಿ ಆಗಬಾರದೂಂತ ನಾನು ಹಿಂದಿನ ದಿನವೇ ಎರಡಕ್ಕೂ ರುಜು ಹಾಕಿ ಇಟ್ಟಿದ್ದೆ. ಮೊದಲನೇದು ಸರಿಯಾಗಿ ಕೂತಿತು. ಎರಡನೇದು ಚೀಲದಲ್ಲಿ ಉಳೀತು."

"ಪಟ್ಟಿ ಮೇಲೆ ನಂಬರ್ ಇರುತ್ತಲ್ಲ?"

"ಎರಡೂ ನನಗೆ ಕೊಟ್ಟ ನಂಬರೇ. ಎಣಿಕೆ ದಿನ ಹರಿದಿಲ್ಲ ಅನ್ನೋದನ್ನ ನೋಡಿದರೇ ಹೊರತು, ಅದಕ್ಕಿಂತ ಹೆಚ್ಚು ಯಾರೂ ನೋಡಲಿಲ್ಲ."

"ಅಂದರೆ ನಿಮ್ಮ ರುಜು ಆಗಲೇ ಇತ್ತು. ಏಜೆಂಟರ ರುಜು ಮಾತ್ರ ಬೇಕಿತ್ತು."

ಚನ್ನಬಸವಯ್ಯ ಹಾಳೆಯನ್ನು ಕಣ್ಣಿನ ಹತ್ತಿರ ಹಿಡಿದರು. ಅವರ ತುಟಿ ಸದ್ದಿಲ್ಲದೆ ಹೆಸರು ಓದಿತು. ಮತ್ತೊಮ್ಮೆ ಓದಿತು. ಆ ಹೆಸರಿನ ಮೇಲೆ ಬೆರಳಿಟ್ಟರು.

"ಇದು ಇಲ್ಲಿ ಇರೋಕೆ ಸಾಧ್ಯವಿಲ್ಲ ಮೇಡಂ."

"ಯಾವುದು?"

"ಜವರಪ್ಪನ ರುಜು. ಬೆಳಿಗ್ಗೆ ಅವನು ಬೂತಿನಲ್ಲಿ ಇರಲೇ ಇಲ್ಲ. ಗುರುಶಾಂತಮ್ಮನ ಕಡೆಯಿಂದ ದ್ಯಾವಯ್ಯ ಅಂತ ವಯಸ್ಸಾದವರೊಬ್ಬರು ಕೂತಿದ್ದರು. ಅವರಿಗೆ ಬರೆಯೋಕೆ ಬರಲ್ಲ. ಪಟ್ಟಿಗೆ ಅವರ ಹೆಬ್ಬೆಟ್ಟು ನಾನೇ ಹಿಡಿದು ಒತ್ತಿಸಿದೆ. ಬೆರಳಿನ ಮಸಿ ಒರೆಸಿಕೊಳ್ಳೋಕೆ ನನ್ನ ಕರವಸ್ತ್ರ ಕೇಳಿದರು. ಮಧ್ಯಾಹ್ನ ಊಟದ ಮೇಲೆ ಅವರನ್ನ ಕಳಿಸಿ ಜವರಪ್ಪ ಬಂದು ಕೂತ."

ಪಂಕಜಾಕ್ಷಿ ಹಾಳೆಯನ್ನು ಇಸಿದುಕೊಂಡಳು. ಪಕ್ಕದಲ್ಲಿ ಜವರಪ್ಪ ಸಾಕ್ಷಿ ಹಾಕಿದ್ದ ನೋಟಿಸಿನ ಪ್ರತಿ ಇಟ್ಟಳು. ಕೊನೆಯ ಅಕ್ಷರದ ಬಾಲ ಹೆಸರಿನ ಕೆಳಗೆ ಉದ್ದಕ್ಕೂ ಹರಿದಿತ್ತು. ತುದಿಯಲ್ಲಿ ಎರಡು ಸುತ್ತು. ಹೆದರಿದ ಕೈಯ ರುಜು ಅಲ್ಲ ಅದು. ಆರಾಮಾಗಿ ಕೂತು, ಅಭ್ಯಾಸದ ಮೇಲೆ ಎಳೆದ ರುಜು.

ಹೆಬ್ಬೆಟ್ಟನ್ನು ನಕಲು ಮಾಡಲು ಬರುವುದಿಲ್ಲ. ಅದಕ್ಕೇ ಅವನು ತನ್ನ ಹೆಸರನ್ನೇ ಹಾಕಿದ್ದ. ಏಜೆಂಟ್ ಅಂದರೆ ಜವರಪ್ಪ ಅಂತಲೇ ಎಲ್ಲರ ತಲೆಯಲ್ಲಿತ್ತು. ಅವಳ ತಲೆಯಲ್ಲೂ.

ಸ್ಟೋರಿನೊಳಗೆ ಕೂತು, ಒಂದೊಂದೇ ಚೀಟಿ ಬಿಚ್ಚಿ, ಹೆಂಡತಿಯ ಗುರುತಿಗೆ ಓಟು ಬಿದ್ದಲ್ಲೆಲ್ಲ ಕೊಡೆಯ ಮೇಲೂ ಮುದ್ರೆ ಒತ್ತಿದ್ದ ಅವನು. ಅವುಗಳಲ್ಲಿ ಹೆಂಡತಿ ತನಗೆ ತಾನೇ ಹಾಕಿಕೊಂಡ ಓಟೂ ಇತ್ತು. ಆಮೇಲೆ ಇಷ್ಟು ದಿನ ಅದೇ ಮನೆಯಲ್ಲಿ, ಅವಳು ಬಾಗಿಲು ಹಾಕಿಕೊಂಡು ಊರನ್ನೆಲ್ಲ ಶಪಿಸುವಾಗ, ಪಕ್ಕದಲ್ಲಿ ಕೂತು ಸಮಾಧಾನ ಹೇಳಿದ್ದ.

ತಾನು ಹೊರಟಿದ್ದೆಲ್ಲಿಗೆಂದು ಅವನಿಗೆ ಹೇಳಿಬಂದದ್ದು ನೆನಪಾಗಿ ಪಂಕಜಾಕ್ಷಿ ಹಾಳೆಗಳನ್ನು ಚೀಲಕ್ಕೆ ತುರುಕಿದಳು.

"ಫೋನ್ ಎಲ್ಲಿದೆ ಮೇಷ್ಟ್ರೇ?"

"ಹೆಡ್ ಮಾಸ್ಟರ್ ರೂಮಿನದು ಕೆಟ್ಟಿದೆ. ಬಸ್ ಸ್ಟ್ಯಾಂಡ್ ಹತ್ತಿರ ಎಸ್‌ಟಿಡಿ ಬೂತ್ ಇದೆ."

ನೇರಳಗದ್ದೆಗೆ ಇದ್ದದ್ದು ಒಂದೇ ಫೋನು, ಚಂದ್ರಯ್ಯನ ಅಂಗಡಿಯದು. ಮೊದಲ ಸಲ ತಗುಲಲಿಲ್ಲ. ಎರಡನೇ ಸಲವೂ ಇಲ್ಲ. ಮೂರನೆಯ ಸಲ ದೂರದಲ್ಲೆಲ್ಲೋ ಗಂಟೆ ಬಾರಿಸಿತು.

"ಅಲೋ, ಯಾರು?"

"ಇನ್‌ಸ್ಪೆಕ್ಟರ್ ಪಂಕಜಾಕ್ಷಿ. ಗುರುಶಾಂತಮ್ಮನವರನ್ನ ಬೇಗ ಕರೀರಿ ಚಂದ್ರಯ್ಯನೋರೆ. ಅವರೊಬ್ಬರನ್ನೇ."

"ಎಲ್ಲಿಂದ ಕರೀಲಿ ಕಣಮ್ಮ? ಗಂಡ ಹೆಂಡ್ತಿ ಇಬ್ರೂ ಹೊಂಟೋದ್ರಲ್ಲ. ನೀವೇ ಇವತ್ತೇ ಟೌನಿಗೆ ಬರೇಳಿದ್ರಂತೆ?"

"ನಾನು ಯಾರನ್ನೂ ಕರೆದಿಲ್ಲ. ಯಾವುದರಲ್ಲಿ ಹೋದರು?"

"ಜವರಪ್ಪ ಇಲ್ಲಿಂದ್ಲೇ ಫೋನ್ ಮಾಡ್ದ. ಎಸ್ಟೇಟ್ ಜೀಪು ಬಂತು. ಗುರುಶಾಂತಮ್ಮ ಬೆಟ್ಟಮ್ಮನ ಮನೇಲಿ ಕೂತಿತ್ತು, ಅಲ್ಲಿಂದ್ಲೇ ಎಬ್ಬಿಸ್ಕಂಡು ಹೋದ. ಎಷ್ಟೋ ದಿನ ಆದ್ಮೇಲೆ ಆವಮ್ಮ ನಗ್ತಾ ಇದ್ದದ್ದು ಕಂಡೆ ಮಾರಾಯ್ತಿ. ಮನೆ ಮನೆ ಮುಂದೂ ಕೈ ಮುಕ್ಕಂಡು ಹೋಯ್ತು."

"ಜೀಪು ಟೌನ್ ದಾರಿಗೆ ಇಳೀತಾ?"

ತಂತಿಯ ಆಚೆ ಚಂದ್ರಯ್ಯ ದನಿ ತಗ್ಗಿಸಿದ.

"ಅದೇ ನಂಗೂ ಸೋಜಿಗ ಆಯ್ತು ಕಣಮ್ಮ. ಕೆಳಕ್ಕೆ ಇಳೀಲೇ ಇಲ್ಲ. ಮೇಲ್ಗಡೆ ಕಾಡಿನ ದಾರಿ ಹಿಡ್ಕಂಡು ಹೋಗ್ಬುಡ್ತು. ಆ ದಾರೀಲಿ ಮುಂದೆ ಮನೇನೂ ಇಲ್ಲ, ಮಠಾನೂ ಇಲ್ಲ."